ದೋಸ್ತಾ, ನಮ್ಮೂರಾಗ ಈಗ ಕ್ರಾಸಿಂಗ್ ಬೀಳೂದಿಲ್ಲ

ದೋಸ್ತಾ,

ಪುಣೆಯಲ್ಲಿ ಮಳೆ ಜೋರು ಅಂತ ನಿನ್ನ ಸ್ಟೇಟಸ್ ನೋಡಿದೆ. ಕೊಡೆ ಹಿಡಿದ ಫೋಟೊ ಚೆನ್ನಾಗಿದೆ. ಕೊಡೆ ಯಾರದ್ದು ಅಂತ ನಾನು ಕೇಳುವುದಿಲ್ಲ.

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಮೂರು ಸಾಲಿಗಿಂತ ಜಾಸ್ತಿ ಇದ್ದರೆ ನೀನು ಓದುವುದಿಲ್ಲ, ಹೆಬ್ಬೆರಳು ತೋರಿಸಿ ಮುಗಿಸುತ್ತೀಯ. ನಾಲ್ಕು ಜನರೆದುರು ಹಾಕಿದರೆ ಮರ್ಯಾದೆಗಾದರೂ ಓದುತ್ತೀಯ ಅಂತ ಇಲ್ಲೇ ಬರೆಯುತ್ತಿದ್ದೇನೆ. ಊರಿನ ಹೆಸರು ಮಾತ್ರ ಹಾಕುವುದಿಲ್ಲ. ವಿಜಯಪುರ ದಾಟಿ ಹೋಟಗಿ ಕಡೆ ಹೋಗುವಾಗ ಸಿಗುವ ಒಂದು ಸ್ಟೇಷನ್ ಅಂದರೆ ಉಳಿದವರಿಗೆ ಸಾಕು. ನಿನಗೆ ಎಮ್ಮೆ ಸಿಗ್ನಲ್ ಅಂದರೂ ಸಾಕು.

ಹೋದ ತಿಂಗಳು ನಮ್ಮ ಆಫೀಸಿನ ಸಾಹೇಬರು ತಾಯಿಯನ್ನು ಕರೆದುಕೊಂಡು ಪಂಢರಪುರಕ್ಕೆ ಹೊರಟಿದ್ದರು. ನೀನು ಆ ಕಡೆಯವನಲ್ವಾ, ಜೊತೆಗೆ ಬಾ ಅಂದರು. ಸಾಹೇಬರು ಕರೆದ ಮೇಲೆ ವಿಠ್ಠಲನೇ ಕರೆದ ಹಾಗೆ. ಹೊರಟೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಈಗ ಸೋಲಾಪುರಕ್ಕೇ ನಿಲ್ಲುವುದಿಲ್ಲ, ಪಂಢರಪುರದ ತನಕ ಹೋಗುತ್ತದೆ. ಅಂದರೆ ನಮ್ಮೂರು ದಾಟಿಯೇ ಹೋಗಬೇಕು.

ದಾಟಿತು ಮಾರಾಯಾ. ಅರ್ಧ ನಿಮಿಷ ಹಿಡಿಯಿತೋ ಇಲ್ಲವೋ. ಸಾಹೇಬರ ತಾಯಿ ಕಿಟಕಿಯಿಂದ ಈ ಕಡೆ ತಿರುಗುವುದರೊಳಗೆ ಊರು ಮುಗಿದಿತ್ತು. ನಮ್ಮ ಇಡೀ ಬಾಲ್ಯ ಅಷ್ಟರೊಳಗೆ ಹಿಡಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ನೆನಪಿದೆಯಲ್ಲ, ದೊಡ್ಡ ಗಾಡಿಗಳಿಗೆ ನಮ್ಮಲ್ಲಿ ಸ್ಟಾಪ್ ಯಾವತ್ತೂ ಇರಲಿಲ್ಲ. ಟೈಮ್‌ಟೇಬಲ್ಲಿನಲ್ಲಿ ನಾವು ಇಲ್ಲವೇ ಇಲ್ಲ. ನಮಗೆ ಇದ್ದದ್ದು ಕ್ರಾಸಿಂಗ್. ಒಂದೇ ಹಳಿ, ಎದುರಿನಿಂದ ಇನ್ನೊಂದು ಗಾಡಿ, ಯಾವುದಾದರೂ ಒಂದು ಗಾಡಿ ಸ್ಟೇಷನ್ನಿನ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ಹೋಗಿ ಕಾಯಬೇಕು. ಮೀಟರ್ ಗೇಜಿನ ಕಾಲದಲ್ಲಿ ಬೆತ್ತದ ರಿಂಗು, ಅದಕ್ಕೊಂದು ಚರ್ಮದ ಚೀಲ, ಅದರೊಳಗೆ ಲೋಹದ ಗುಂಡು. ಆ ಟೋಕನ್ ಕೈಗೆ ಬರದೆ ಡ್ರೈವರ್ ಮುಂದಿನ ಸ್ಟೇಷನ್ನಿಗೆ ಗಾಡಿ ಒಯ್ಯುವಂತಿರಲಿಲ್ಲ. ಓಡುವ ಗಾಡಿಗೆ ಪೋರ್ಟರ್ ಮಾಮಾ ರಿಂಗು ಎತ್ತಿ ಹಿಡಿಯುತ್ತಿದ್ದ, ಡ್ರೈವರ್ ತೋಳು ತೂರಿಸಿ ಎಳೆದುಕೊಳ್ಳುತ್ತಿದ್ದ. ದೊಡ್ಡವನಾದ ಮೇಲೆ ಪೋರ್ಟರ್ ಆಗುತ್ತೇನೆ ಅಂತ ನೀನು ಮಾಸ್ತರ ಮುಂದೆ ಹೇಳಿ ಹೊಡೆತ ತಿಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಬ್ರಾಡ್‌ಗೇಜ್ ಬಂತು, ರಿಂಗು ಹೋಯಿತು. ಕ್ರಾಸಿಂಗ್ ಉಳಿಯಿತು, ಯಾಕೆಂದರೆ ಹಳಿ ಒಂದೇ ಇತ್ತಲ್ಲ. ತೂಗು ಹಾಕಿದ ಹಳಿ ತುಂಡಿಗೆ ಠಣ್ ಠಣ್ ಅಂತ ಹೊಡೆದರೆ ಊರೆಲ್ಲ ಏಳುತ್ತಿತ್ತು. ಮಿರ್ಚಿ ಭಜಿ, ಚುರಮರಿ, ಕುದಿಸಿದ ಶೇಂಗಾ. ಬ್ಯಾಸಿಗೆಯಲ್ಲಿ ಇಂಡಿ ನಿಂಬೆಯ ಶರಬತ್ತು. ಆ ನಿಂಬೆಗೆ ಈಗ ಜಿಐ ಟ್ಯಾಗ್ ಸಿಕ್ಕಿದೆ, ನಾವು ಟ್ಯಾಗ್ ಇಲ್ಲದಾಗಲೇ ಕುಡಿದು ಮುಗಿಸಿದ್ದೇವೆ. ಐದು ನಿಮಿಷದ ಕ್ರಾಸಿಂಗ್ ಅಂದರೆ ಚಹಾ ಮಾತ್ರ. ಇಪ್ಪತ್ತು ನಿಮಿಷ ಅಂದರೆ ಎರಡನೇ ಘಾಣಿ ಭಜಿ. ಎದುರಿನ ಗಾಡಿಯೂ ತಡ ಅಂತ ಗೊತ್ತಾದರೆ ನಮ್ಮಪ್ಪ ಮನೆಗೆ ಹುಡುಗನನ್ನು ಓಡಿಸಿ ಇನ್ನಷ್ಟು ಕಡಲಿ ಹಿಟ್ಟು ತರಿಸುತ್ತಿದ್ದ. ಆ ಹುಡುಗ ನಾನೇ.

ಗಾಡಿ ತಡ ಆಗಲಿ ಅಂತ ಅವ್ವ ದೀಪ ಹಚ್ಚುವಾಗ ಅನ್ನುತ್ತಿದ್ದಳು. ಸುಳ್ಳಲ್ಲ.

ಆಮೇಲೆ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ಬಂತು. ಅದಕ್ಕೆ ಕಲ್ಲಿದ್ದಲು ಬೇಕು, ಕಲ್ಲಿದ್ದಲಿಗೆ ಗೂಡ್ಸ್ ಗಾಡಿ ಬೇಕು, ಗೂಡ್ಸಿಗೆ ಹಳಿ ಬೇಕು. ಹೋಟಗಿಯಿಂದ ಡಬಲ್ ಲೈನ್ ಆಯಿತು. ಹೋಗುವ ಗಾಡಿಗೊಂದು, ಬರುವ ಗಾಡಿಗೊಂದು. ಯಾರೂ ಯಾರಿಗೂ ಕಾಯಬೇಕಿಲ್ಲ. ಡಬಲ್ ಲೈನ್ ಆಗಲಿ ಅಂತ ಕಾಲೇಜಿನಲ್ಲಿದ್ದಾಗ ನಾವೇ ಮನವಿಗೆ ಸಹಿ ಹಾಕಿಸುತ್ತ ಓಡಾಡಿದ್ದೆವು, ಅಪ್ಪನೂ ಹಾಕಿದ್ದ. ಏನು ಬರೆದಿದೆ ಅಂತ ಓದಿಯೇ ಹಾಕಿದ.

ಅವತ್ತು ಸಾಹೇಬರ ತಾಯಿ, "ಮುಂಚೆ ಈ ಕಡೆ ಗಾಡಿ ಎಷ್ಟು ಹೊತ್ತು ನಿಲ್ಸಿಬಿಡೋರು ಗೊತ್ತಾ, ನಮ್ಮೆಜಮಾನ್ರನ್ನ ಸೋಲಾಪುರದ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಒಂದು ಕಾಡು ಸ್ಟೇಷನ್ನಲ್ಲಿ ಒಂದು ಗಂಟೆ" ಅಂದರು. ಅವರ ಯಜಮಾನರು ಆಗ ಬಾಗಲಕೋಟೆಯಲ್ಲಿ ಕೆಲಸದಲ್ಲಿದ್ದರಂತೆ. ಯಾವ ಸ್ಟೇಷನ್ ಅಂತ ಅವರಿಗೆ ನೆನಪಿಲ್ಲ. ನಾನೂ ಕೇಳಲಿಲ್ಲ. ಆದರೆ ಅವತ್ತಿನಿಂದ ತಲೆಯಲ್ಲಿ ಅದೇ ಕೂತಿದೆ. ನಮ್ಮ ಭಜಿ ತಿಂದವರೆಲ್ಲ ಟೂರಿಗೆ ಹೊರಟವರಲ್ಲ ಅಲ್ವಾ? ಪರೀಕ್ಷೆಗೆ ಹೊರಟವರಿದ್ದರು, ಮಣ್ಣಿಗೆ ಹೊರಟವರಿದ್ದರು, ಮುಂಬೈ ಗಾಡಿ ತಪ್ಪಿದರೆ ಎರಡು ದಿನದ ಪಗಾರ ಹೋಗುವ ಗಾರೆ ಕೆಲಸದವರಿದ್ದರು. ಅವರು ಕೈಗಡಿಯಾರ ನೋಡಿದಷ್ಟೂ ನಮ್ಮ ಮನೆಯಲ್ಲಿ ಒಲೆ ಚೆನ್ನಾಗಿ ಉರಿಯುತ್ತಿತ್ತು. ನನ್ನ ಡಿಪ್ಲೊಮಾ ಫೀಸು ಪೂರ್ತಿ ಬೇರೆಯವರ ತಡದಿಂದ ಬಂದದ್ದು. ಅಪ್ಪನ ತಪ್ಪೇನಿಲ್ಲ, ಗಾಡಿ ನಿಲ್ಲಿಸಿದವನು ಅವನಲ್ಲ. ಈ ಹಳಿ ಬಂದದ್ದೇ ಹಸಿವಿನಿಂದ. 1876–78ರ ಬರದಲ್ಲಿ ಜನ ಸತ್ತ ಮೇಲೆ, ಕಾಳು ಸಾಗಿಸಲು ದಾರಿ ಬೇಕು ಅಂತ 1880ರ ದಶಕದಲ್ಲಿ ಹೋಟಗಿ–ಗದಗ ಹಳಿ ಹಾಕಿದರು. ಯಾರ ಹಸಿವು ಯಾರಿಂದ ತೀರುತ್ತದೆ ಅಂತ ಲೆಕ್ಕ ಇಡಲು ಹೋದರೆ ನಾನು ಹುಚ್ಚನಾಗುತ್ತೇನೆ.

ಸರಿ, ಇಷ್ಟೇ ಬರೆಯಬೇಕು ಅಂತ ಕೂತಿದ್ದೆ. ಇನ್ನೊಂದಿದೆ.

ನಮ್ಮಪ್ಪ "ರೈಲ್ವೆದಾಗ ಅದಾರ" ಅನ್ನುವ ಜೋಕು ನಿನಗೆ ಗೊತ್ತಲ್ಲ. ಬೆಂಗಳೂರಿನಲ್ಲಿ ಅದು ಜೋಕಾಗಿ ಉಳಿದಿಲ್ಲ. ಕೆಲಸಕ್ಕೆ ಸೇರಿದಾಗ ಯಾರೋ ಕೇಳಿದರು, ನಾನು ರೈಲ್ವೆ ಅಂದೆ, ಅವರು ನಂಬಿದರು. ಈಗ ಆಫೀಸಿನಲ್ಲಿ ಟಿಕೆಟ್ ಕನ್ಫರ್ಮ್ ಆಗದಿದ್ದರೆ "ನಿಮ್ಮ ತಂದೆಗೆ ಒಂದು ಮಾತು ಹೇಳಿ" ಅನ್ನುತ್ತಾರೆ. ಪಂಢರಪುರಕ್ಕೆ ಹೊರಡುವ ಹಿಂದಿನ ದಿನ ಅಪ್ಪ ಫೋನಿನಲ್ಲಿ, "ಯಾವ ಡಬ್ಬ್ಯಾಗ ಇರ್ತಿ? ನಿಲ್ಲೂದಿಲ್ಲ, ಗೊತ್ತೈತಿ. ಪ್ಲಾಟ್‌ಫಾರ್ಮಿಗೆ ಬಂದು ನಿಂದರ್ತೀನಿ, ಕೈ ಮಾಡು" ಅಂದ. ನಾನು, "ಡಬ್ಬಿ ನಂಬರ್ ಇನ್ನಾ ಬಂದಿಲ್ಲಪ್ಪ" ಅಂದೆ.

ಟಿಕೆಟ್ ಮೊಬೈಲಿನಲ್ಲೇ ಇತ್ತು. ಬಿ-2, ಕಿಟಕಿ ಪಕ್ಕ.

ಊರು ಬಂದಾಗ ನಾನು ಕಿಟಕಿ ಕಡೆ ನೋಡಲಿಲ್ಲ. ಸಾಹೇಬರಿಗೆ ಏನೋ ಎಕ್ಸೆಲ್ ಶೀಟ್ ತೋರಿಸುತ್ತಿದ್ದೆ. ಗಾಡಿ ನಿಲ್ಲದೆ ಹೋದದ್ದಕ್ಕೆ ಆ ಹೊತ್ತಿಗೆ ನನಗೆ ಹಾಯೆನಿಸಿತು, ದೋಸ್ತಾ. ಕ್ರಾಸಿಂಗ್ ಬಿದ್ದಿದ್ದರೆ ಅಪ್ಪ ಡಬ್ಬಿ ಡಬ್ಬಿ ಹುಡುಕಿಕೊಂಡು ಬಂದು ಬಿಡುತ್ತಿದ್ದ, ಕೈಯಲ್ಲಿ ಪೇಪರಿನ ಪೊಟ್ಟಣ ಹಿಡಿದುಕೊಂಡು. ರಾತ್ರಿ ಫೋನ್ ಮಾಡಿದರೆ ಅವನು ಬಂದಿದ್ದೆ ಅಂತಲೂ ಹೇಳಲಿಲ್ಲ, ಬಂದಿರಲಿಲ್ಲ ಅಂತಲೂ ಹೇಳಲಿಲ್ಲ. "ಗಾಡಿ ರೈಟ್ ಟೈಮ್ ಇತ್ತು ನೋಡು" ಅಂದ, ಅಷ್ಟೇ. ಆ ದಿನದಿಂದ ಭಜಿ ವಾಸನೆ ಬಂದರೆ ಸಾಕು, ನಾನು ರಸ್ತೆ ದಾಟುತ್ತೇನೆ. ಡಾಕ್ಟರು ಕೊಲೆಸ್ಟ್ರಾಲ್ ಇಳಿದಿದೆ ಅಂತ ಖುಷಿಯಾಗಿದ್ದಾರೆ.

ಸಾಕು, ಜಾಸ್ತಿ ಆಯಿತು. ನೀನು ಸೀರಿಯಸ್ಸಾಗಿ ಫೋನ್ ಮಾಡಬೇಡ, ನಿನಗೆ ಸೀರಿಯಸ್ ದನಿ ಒಪ್ಪುವುದಿಲ್ಲ. ಸಾಹೇಬರು ಇದನ್ನು ಓದುವ ಭಯ ಇಲ್ಲ, ಅವರಿಗೆ ಕನ್ನಡ ಮಾತಾಡಲು ಮಾತ್ರ ಬರುತ್ತದೆ. ಭಯ ಇರುವುದು ನಿನ್ನ ಅಳಿಯನದ್ದು. ಅವನು ಎಲ್ಲವನ್ನೂ ಊರ ಗುಂಪಿಗೆ ಹಾಕುತ್ತಾನೆ, ಅಪ್ಪ ಆ ಗುಂಪಿನಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವು ಕಳಿಸುತ್ತಾನೆ. ಅಳಿಯನಿಗೆ ಹೇಳು, ಇದನ್ನು ಹಾಕಿದರೆ ಗಣಪತಿ ಚಂದಾ ವಿಷಯ ನಾನು ಹೊರಗೆ ತೆಗೆಯುತ್ತೇನೆ. ಹಾಗೆಯೇ, ಆ ಕೊಡೆ ಯಾರದ್ದು?

ಇಂತಿ ನಿನ್ನ
ಲೂಪ್ ಲೈನ್