ಅಮ್ಮನ ಸೀರೆ, ಅಮ್ಮನ ಸರ

ಪ್ರೀತಿಯ ಪುಟ್ಟಿಗೆ, ಉಡುಪಿಯಿಂದ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲೇ ಇದೆ. ಅಮ್ಮ ತೀರಿಕೊಂಡು ವರ್ಷ ತುಂಬುವ ಮೊದಲೇ ಅತ್ತಿಗೆ ಅಮ್ಮನ ಸೀರೆ ಉಟ್ಟು ಮನೆಯಲ್ಲಿ ಓಡಾಡಿದಳು ಅಂತ ನಿನಗೆ ಸಂಕಟ. ನಿನ್ನ ಅಮ್ಮ ನನ್ನ ಬೆನ್ನಿಗೆ ಹುಟ್ಟಿದ ತಂಗಿ, ಆ ಸೀರೆ ಕಂಡರೆ ನನಗೂ ಎದೆ ಧಸಕ್ಕೆನ್ನುತ್ತದೆ. ಆದರೂ ಹೇಳುತ್ತೇನೆ, ಉಡಲಿ ಬಿಡು.

ಅದು ಉಡುಪಿ ಸೀರೆ, ಕೈಮಗ್ಗದ ಹತ್ತಿ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘಕ್ಕೆ ಹೋಗಿ ಅಮ್ಮನೇ ಆರಿಸಿ ತಂದದ್ದು. 2016ರಲ್ಲಿ ಉಡುಪಿ ಸೀರೆಗೆ, ಇದು ಈ ಊರಿನದೇ ಅನ್ನುವ ಜಿಐ ಮಾನ್ಯತೆ ಸಿಕ್ಕಿತು, ಆದರೆ ಅಷ್ಟರಲ್ಲಿ ನೇಯುವವರೇ ತೀರಾ ಕಡಿಮೆಯಾಗಿದ್ದರು. ಸೆರಗಿನ ತುದಿಯಲ್ಲಿ ಒಂದು ಕಡೆ ನೂಲು ಸವೆದು ಬೆಳಕು ಹಾಯುತ್ತದೆ, ನೋಡಿದ್ದೀಯಾ? ಗಂಜಿಯ ಪಾತ್ರೆ ಇಳಿಸಲು ಅವಳು ಯಾವಾಗಲೂ ಅಲ್ಲೇ ಹಿಡಿಯುತ್ತಿದ್ದಳು. "ಹಿಡಿಯಲಿಕ್ಕೆ ಬೇರೆ ಬಟ್ಟೆ ಇಲ್ವಾ ನಿಂಗೆ?" ಅಂತ ನಾನು ಬೈದರೆ ನಗುತ್ತಿದ್ದಳು. ಇದು ಅತ್ತಿಗೆಗೆ ಗೊತ್ತಿಲ್ಲ. ಹೇಳಬೇಕಾದವಳು ನೀನೇ ಅಲ್ವಾ?

ಬೀಗ ಹಾಕಿಟ್ಟರೆ ನಮ್ಮ ಮಳೆಗಾಲ ಸುಮ್ನೆ ಬಿಡುತ್ತದಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಗಂಜಿ ಹಾಕಿ ಎತ್ತಿಟ್ಟ ಸೀರೆಗೆ ಹುಳ ಬೀಳುತ್ತದೆ. ನಿನ್ನ ಹತ್ತಿರ ಇರುವುದನ್ನು ಗಂಜಿ ಹೋಗುವಂತೆ ಒಗೆದು, ಚೆನ್ನಾಗಿ ಒಣಗಿಸಿ, ಹಳೆಯ ಪಂಚೆಯಲ್ಲಿ ಸುತ್ತಿಡು. ಪ್ಲಾಸ್ಟಿಕ್ ಬೇಡ. ಆಗಾಗ ಬಿಡಿಸಿ ಮಡಿಕೆ ಬದಲಿಸು, ಇಲ್ಲದಿದ್ದರೆ ಮಡಿಸಿದಲ್ಲೇ ಹರಿಯುತ್ತದೆ. ನನ್ನನ್ನು ಕೇಳಿದರೆ, ನೀನೂ ಉಡು.

ಅಮ್ಮನ ಚಿನ್ನದ ಅವಲಕ್ಕಿ ಸರದ ವಿಷಯದಲ್ಲಿ ಮಾತ್ರ ನನ್ನ ಮಾತು ಗಟ್ಟಿ. ಕರಗಿಸಿ ಇಬ್ಬರಿಗೂ ಬಳೆ ಮಾಡಿಸೋಣ ಅಂದನಂತೆ ಅಣ್ಣ. ಒಪ್ಪಬೇಡ. ಹಳೆಯ ಸರ ಕೊಟ್ಟರೆ ಚಿನ್ನಕ್ಕಷ್ಟೇ ಬೆಲೆ. ಆಚಾರಿ ಕೂತು ಒಂದೊಂದೇ ಎಸಳು ತಟ್ಟಿದ್ದಕ್ಕೆ ಯಾರೂ ಒಂದು ಕಾಸು ಕೊಡುವುದಿಲ್ಲ. ಹೊಸ ಬಳೆಗೆ ಮತ್ತೆ ಮಜೂರಿ ಬೇರೆ. ಇನ್ನೊಂದು ವಿಷಯ. ಅಣ್ಣನ ಕಾಲೇಜು ಫೀಸಿಗೆ ಅಮ್ಮ ಅದೇ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದಳು. ಆಮೇಲೆ ಡೈರಿಗೆ ಹಾಲು ಹಾಕಿ ಹಾಕಿ ಬಿಡಿಸಿಕೊಂಡಳು. ಮಗನಿಗೆ ಹೇಳಬೇಡ ಅಂದಿದ್ದಳು, ಇಷ್ಟು ವರ್ಷ ಹೇಳಲಿಲ್ಲ. ಈಗ ಅವನಿಗೆ ತಿಳಿಯಬೇಕು, ನಾನೇ ಹೇಳುತ್ತೇನೆ. ಮನೆಗೆ ಕಷ್ಟ ಬಂದಾಗ ಮಾರಿದರೂ ಅವಳಿಗೆ ಬೇಜಾರಿರುವುದಿಲ್ಲ. ಫ್ಯಾಷನ್ನಿಗೆ ಬೇಡ. ಅಲ್ಲಿಯವರೆಗೆ ಒಂದು ವರ್ಷ ನಿನ್ನಲ್ಲಿ, ಒಂದು ವರ್ಷ ಅತ್ತಿಗೆಯಲ್ಲಿ ಇರಲಿ.

ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ದಿನ ರಜೆ ಹಾಕಿ ಬಾ. ಈ ಸಲ ಅಮ್ಮನ ಹೆಸರಿಗೂ ಎಲೆ ಹಾಕಬೇಕಲ್ಲ. ಬರೆಯಲು ಕೈ ಬರುತ್ತಿಲ್ಲ ಮಗಾ. ಕೋರಿ ರೊಟ್ಟಿ ನಾನು ನೋಡಿಕೊಳ್ಳುತ್ತೇನೆ, ಪತ್ರೊಡೆ ನೀವಿಬ್ಬರೂ ಸೇರಿ ಮಾಡಿ. ಹುಳಿ ಜಾಸ್ತಿ ಇರಲಿ, ಅವಳಿಗೆ ಹಾಗೇ ಇಷ್ಟ. ಇವತ್ತೇ ಅತ್ತಿಗೆಗೆ ಫೋನ್ ಮಾಡಿ ಕೆಸುವಿನ ಎಲೆ ತೆಗೆದಿಡಲು ಹೇಳು. ಸೀರೆಯ ಮಾತು ನೀನು ಬಂದಮೇಲೆ ಆಗಲಿ.

ನಿನ್ನ ದೊಡ್ಡಮ್ಮ