ಹಳೆಯ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ವಿಂಡೋಸ್ ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಇವು ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿವೆ. ಮದುವೆ ಫೋಟೊ, ಪಹಣಿಯ ಸ್ಕ್ಯಾನ್ ಎಲ್ಲ ಎಕ್ಸ್‌ಪಿ ಡಬ್ಬದಲ್ಲೇ ಉಳಿದಿರುತ್ತವೆ. ಅವನ್ನು ಹೊರತೆಗೆಯಲೆಂದು ಆ ಯಂತ್ರಕ್ಕೆ ಇಂಟರ್ನೆಟ್ ಕೊಡುವುದು ತಪ್ಪು. ಫೈಲುಗಳನ್ನು ವಿಂಡೋಸ್ 7 ಯಂತ್ರಕ್ಕೆ ಸಾಗಿಸಲು ಈ ಎರಡು ಕಂಪ್ಯೂಟರುಗಳ ನಡುವೆ ನೇರ ಒಂದು ನೆಟ್‌ವರ್ಕ್ ಕೇಬಲ್ ಸಾಕು.

ಎರಡೂ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ ನೆಟ್‌ವರ್ಕ್ ಕಾರ್ಡಿನ ಹಳೆಯ ಯಂತ್ರಗಳಾದರೆ ಮಾಮೂಲಿ ಕೇಬಲ್ ನಡೆಯದಿರಬಹುದು, ಕ್ರಾಸ್‌ಓವರ್ ಕೇಬಲ್ ಬೇಕು. ಅದರಲ್ಲಿ ಒಂದು ತುದಿಯ 1 ಮತ್ತು 2ನೇ ತಂತಿ ಇನ್ನೊಂದು ತುದಿಯ 3 ಮತ್ತು 6ಕ್ಕೆ ಹೋಗುತ್ತದೆ. ನೋಡಲು ಹಸಿರು, ಕಿತ್ತಳೆ ಜೋಡಿಗಳು ಅದಲುಬದಲಾಗಿರುತ್ತವೆ. ಒಂದು ಕಡೆ ಇನ್ನೂ ವೇಗದ ಗಿಗಾಬಿಟ್ ಕಾರ್ಡ್ ಇದ್ದರೆ ಅದೇ ಸರಿಹೊಂದಿಸಿಕೊಳ್ಳುತ್ತದೆ. ಎರಡು ತುದಿಯೂ ಒಂದೇ ತರಹದ ಚಪ್ಪಟೆ ಪಿನ್ ಇರುವ ಸಾದಾ ಯುಎಸ್‌ಬಿ ಕೇಬಲ್ ಮಾತ್ರ ಚುಚ್ಚಬೇಡಿ. ಎರಡು ಯಂತ್ರಗಳ 5 ವೋಲ್ಟ್ ಒಂದಕ್ಕೊಂದು ಎದುರಾಗಿ ಪೋರ್ಟ್ ಸುಡಬಹುದು.

ಕೇಬಲ್ ಹಾಕಿ ಸುಮ್ಮನೆ ಬಿಟ್ಟರೆ ಎರಡೂ 169.254ರಿಂದ ಶುರುವಾಗುವ ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ತಾವೇ ಕೊಟ್ಟುಕೊಳ್ಳುತ್ತವೆ. ಅದಕ್ಕೆ ಒಂದೊಂದು ಸಲ ನಿಮಿಷಗಟ್ಟಲೆ ಹಿಡಿಯುತ್ತದೆ. ನಾವೇ ಕೊಡುವುದು ಮೇಲು. ಎಕ್ಸ್‌ಪಿಗೆ 192.168.50.1, ವಿಂಡೋಸ್ 7ಕ್ಕೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಖಾಲಿ ಬಿಡಿ. ಮನೆಯ ವೈಫೈ ರೂಟರ್ ಸಾಮಾನ್ಯವಾಗಿ 192.168.0 ಅಥವಾ 192.168.1 ಬಳಸುವುದರಿಂದ 50 ಹಾಕಿದರೆ ಗೊಂದಲವಿಲ್ಲ. ಆದರೂ ಕೆಲಸ ಮುಗಿಯುವವರೆಗೆ ವೈಫೈ ಆರಿಸಿಡಿ.

ಎಕ್ಸ್‌ಪಿಯಲ್ಲಿ ಬೇಕಾದ ಫೈಲುಗಳನ್ನೆಲ್ಲ ಡಿ ಡ್ರೈವಿನ ಒಂದು ಹೊಸ ಫೋಲ್ಡರಿಗೆ ಕಾಪಿ ಮಾಡಿ, ರೈಟ್ ಕ್ಲಿಕ್‌ನಲ್ಲಿ ‘ಶೇರಿಂಗ್ ಅಂಡ್ ಸೆಕ್ಯುರಿಟಿ’ಗೆ ಹೋಗಿ ಶೇರ್ ಮಾಡಿ. ‘ಮೈ ಡಾಕ್ಯುಮೆಂಟ್ಸ್’ ಖಾಸಗಿ ಎಂದು ಗುರುತಾಗಿದ್ದರೆ ನೇರವಾಗಿ ಶೇರ್ ಆಗದು, ಅದಕ್ಕೇ ಈ ಹೊಸ ಫೋಲ್ಡರ್. ಬದಲಾಯಿಸುವ ಅನುಮತಿ ಕೊಡಬೇಡಿ, ಓದಲು ಸಿಕ್ಕರೆ ಸಾಕು. ಫೈರ್‌ವಾಲ್‌ನ ವಿನಾಯಿತಿ ಪಟ್ಟಿಯಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ಗೆ ಟಿಕ್ ಇರಲಿ. ಬಳಿಕ ವಿಂಡೋಸ್ 7ರ ‘ರನ್’ ಪೆಟ್ಟಿಗೆಯಲ್ಲಿ \\192.168.50.1 ಎಂದು ಟೈಪಿಸಿದರೆ ಫೋಲ್ಡರ್ ಕಾಣುತ್ತದೆ. ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಬರಲಿಲ್ಲವೆಂದು ಕಾಯಬೇಕಿಲ್ಲ. ಸೆಕೆಂಡಿಗೆ 8 ಎಂಬಿ ವೇಗ ಸಿಕ್ಕರೂ 20 ಜಿಬಿಗೆ ಮುಕ್ಕಾಲು ಗಂಟೆ.

ಹೊಸ ಯಂತ್ರ ವಿಂಡೋಸ್ 11 ಆಗಿದ್ದರೆ ಈ ದಾರಿ ಹಿಡಿಯಬೇಡಿ. ನೆಟ್‌ವರ್ಕ್‌ನಲ್ಲಿ ಫೈಲು ಹಂಚಲು ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೆಯ ವಿಧಾನ ಒಂದೇ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ ಹರಡಿದ್ದು ಅದರ ದೋಷದಿಂದಲೇ. ಎಸ್‌ಎಂಬಿ 1 ಅನ್ನು ಹೊಸ ಯಂತ್ರದಲ್ಲಿ ಮತ್ತೆ ಆನ್ ಮಾಡಿಸುವವರ ಮಾತು ಕೇಳಬೇಡಿ. ಪೆನ್‌ಡ್ರೈವ್ ಸಾಕು, ಆದರೆ ಅದರ ಫಾರ್ಮ್ಯಾಟ್ (ಫೈಲುಗಳನ್ನು ಜೋಡಿಸಿಡುವ ಕ್ರಮ) ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲು ಅದರಲ್ಲಿ ಕೂರದು. ಮದುವೆ ವಿಡಿಯೊಗಳು ತಪ್ಪಿಹೋಗುವುದು ಇಲ್ಲೇ.

ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಕಡತಗಳಿದ್ದರೆ ಫಾಂಟುಗಳನ್ನೂ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಜೊತೆಗೇ ಕಾಪಿ ಮಾಡಿ. ಇಲ್ಲದಿದ್ದರೆ ಹೊಸ ಯಂತ್ರದಲ್ಲಿ ಅಜ್ಜನ ಕವಿತೆಯೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿದ ಮೇಲೆಯೇ ಹಳೆಯ ಡಿಸ್ಕ್ ಅಳಿಸಿ.

– ನೆಟ್‌ವರ್ಕ್ ತಂತ್ರಜ್ಞ, ದಾವಣಗೆರೆ