ಗೊಂಬೆಯ ಕೂದಲಿಗೆ ಕರ್ಲಿಂಗ್ ರಾಡ್ ಬೇಡ, ಬಿಸಿನೀರು ಸಾಕು

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಮಕ್ಕಳ ಕಣ್ಣು ಗೊಂಬೆಯ ಕೂದಲಿನ ಮೇಲೆ ಬೀಳುತ್ತದೆ. ಅಮ್ಮನದೋ ಅಕ್ಕನದೋ ಕರ್ಲಿಂಗ್ ರಾಡ್ ಕೈಗೆ ಸಿಕ್ಕರಂತೂ ಗೊಂಬೆಗೂ ಒಂದು ಸುತ್ತು ಸುತ್ತಿಬಿಡುತ್ತಾರೆ. ಕ್ಷಣದಲ್ಲಿ ಕೂದಲು ಕರಗಿ ರಾಡಿಗೆ ಮೆತ್ತಿಕೊಳ್ಳುತ್ತದೆ, ಗೊಂಬೆಯ ತಲೆಯಲ್ಲಿ ಗಟ್ಟಿ ಗಂಟು ಉಳಿಯುತ್ತದೆ. ಆ ಗಂಟಿಗೆ ಕತ್ತರಿಯೊಂದೇ ಮದ್ದು.

ನಮ್ಮ ಕೂದಲಿಗೆಂದು ಮಾಡಿದ ರಾಡ್ 150ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಅಗ್ಗದ ಗೊಂಬೆಗಳ ಕೂದಲಾದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಸುಮಾರು 160ಕ್ಕೇ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಎಷ್ಟು ಕುದಿಸಿದರೂ 100 ದಾಟುವುದಿಲ್ಲ. ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಆದ್ದರಿಂದ ಗುಂಗುರು ಬೇಕಿದ್ದರೆ ಬಿಸಿನೀರೇ ಸರಿ. ಆದರೆ ಬಿಸಿನೀರಿನ ಕೆಲಸ ದೊಡ್ಡವರದು, ಮಕ್ಕಳದಲ್ಲ.

ಮೊದಲು ಎಳೆ ಯಾವುದೆಂದು ತಿಳಿಯಬೇಕು. ಕತ್ತಿನ ಹಿಂಭಾಗದಿಂದ ಒಂದೆರಡು ಎಳೆ ಕತ್ತರಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿದ ನೀರಿಗೆ ಹಾಕಿ ಬೆರಳಿನಿಂದ ಅದ್ದಿ. ಮತ್ತೆ ಮೇಲೆ ತೇಲಿದರೆ ಪಾಲಿಪ್ರೊಪಿಲೀನ್. ಅದರಲ್ಲಿ ಗುಂಗುರು ಹೆಚ್ಚು ದಿನ ನಿಲ್ಲದು, ಬಾಚಿ ಜಡೆ ಹಾಕುವುದೇ ಲೇಸು. ಮುಳುಗಿದರೆ ಸಾಮಾನ್ಯವಾಗಿ ನೈಲಾನೋ ಸರಾನ್ ಎಂಬ ಇನ್ನೊಂದು ಪ್ಲಾಸ್ಟಿಕ್ ಎಳೆಯೋ ಇರುತ್ತದೆ, ಚೆನ್ನಾಗಿ ಸುರುಳಿಯಾಗುತ್ತದೆ. ಬೆಂಕಿ ಹಚ್ಚಿ ಪರೀಕ್ಷಿಸಬೇಡಿ: ಸರಾನ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಕಾರಿ ಹೊಗೆ ಬರುತ್ತದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅದರ ಪಕ್ಕದಲ್ಲೇ ಕೂದಲು ಯಾವ ಎಳೆಯದೆಂಬ ಒಂದು ಸಾಲನ್ನೂ ತಯಾರಕರು ಅಚ್ಚು ಹಾಕಿಸಿದರೆ ಈ ತೇಲು-ಮುಳುಗಿನ ಪರೀಕ್ಷೆಯೇ ಬೇಕಾಗದು.

ಉಗುರುಬೆಚ್ಚಗಿನ ನೀರಲ್ಲಿ ಶಾಂಪೂ ಹಾಕಿ ತೊಳೆದು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ. ಬುಡದಿಂದ ಎಳೆದರೆ ಕೂದಲು ಗೊಂಚಲಾಗಿ ಕಿತ್ತುಬರುತ್ತದೆ. ಕೊಬ್ಬರಿ ಎಣ್ಣೆ ಬೇಡ. ಪ್ಲಾಸ್ಟಿಕ್ ಎಣ್ಣೆ ಕುಡಿಯುವುದಿಲ್ಲ, ಧೂಳು ಮಾತ್ರ ಅಂಟುತ್ತದೆ. ಬಿದಿರಿನ ಕಡ್ಡಿಯನ್ನು ಒಂದೂವರೆ ಇಂಚಿನ ತುಂಡುಗಳಾಗಿ ಕತ್ತರಿಸಿಕೊಳ್ಳಿ. ಖಾಲಿ ರೀಫಿಲ್ ಬಳಸಬೇಡಿ, ಉಳಿದ ಶಾಯಿ ಬಿಸಿಗೆ ಇಳಿದು ಮುಖದ ಮೇಲೆ ಕಲೆಯಾಗಿ ನಿಲ್ಲುತ್ತದೆ. ಹನ್ನೊಂದೂವರೆ ಇಂಚಿನ ಗೊಂಬೆಗೆ 15ರಿಂದ 20 ತುಂಡು ಬೇಕು. ಒದ್ದೆ ಕೂದಲಿನ ತುದಿಗೆ ಚಿಕ್ಕ ಟಿಶ್ಯೂ ಚೂರು ಮಡಚಿ ಹಿಡಿದು ಕಡ್ಡಿಯ ತುಂಡಿಗೆ ಸುತ್ತಿ. ಈ ಕಾಗದ ಬಿಟ್ಟರೆ ತುದಿ ಕೊಕ್ಕೆಯ ಹಾಗೆ ಬಾಗಿ ನಿಲ್ಲುತ್ತದೆ, ಮತ್ತೆ ಬಿಸಿನೀರು ಹಾಕುವವರೆಗೆ ಸರಿಹೋಗದು. ಕತ್ತಿನ ಸಾಲಿನಿಂದ ಮೇಲಕ್ಕೆ ಹೋಗುತ್ತಾ ಬಿಳಿ ದಾರದಿಂದ ಕಟ್ಟಿ. ಬಣ್ಣದ ದಾರ ಬಣ್ಣ ಬಿಡುತ್ತದೆ.

ನೀರು ಕುದಿದ ಮೇಲೆ ಒಲೆ ಆರಿಸಿ ಮೂರ್ನಾಲ್ಕು ನಿಮಿಷ ಬಿಡಿ. ಗೊಂಬೆಯ ಕಾಲು ಹಿಡಿದು, ಮುಖಕ್ಕೆ ತಾಗದಂತೆ ಕೂದಲಿನ ಮೇಲೆ ಸೌಟಿನಿಂದ ಇಪ್ಪತ್ತು ಸೆಕೆಂಡು ನೀರು ಹುಯ್ಯಿರಿ. ಆಗ ವಿನೈಲ್ ತಲೆ ಮೆತ್ತಗಿರುತ್ತದೆ, ಹಿಚುಕಬೇಡಿ. ಕೂಡಲೇ ತಣ್ಣೀರು ಹಾಕಿ. ಎಳೆ ಆ ಆಕಾರದಲ್ಲಿ ಬಿಗಿಯುವುದು ತಣ್ಣಗಾಗುವಾಗಲೇ. ಒಂದು ಹಗಲು ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗಲಿ. ಅವಸರಪಟ್ಟು ಬಿಚ್ಚಿದರೆ ಗುಂಗುರು ಜೋತುಬೀಳುತ್ತದೆ. ಬಿಚ್ಚಿದ ಮೇಲೆ ಬಾಚಣಿಗೆ ಮುಟ್ಟಿಸದೆ ಬೆರಳಲ್ಲೇ ಬಿಡಿಸಿ.

ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆಗೆ ನೀರು ಹುಯ್ಯಬಾರದು, ಒಳಗಿನ ಲೋಹ ತುಕ್ಕು ಹಿಡಿಯುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸುರುಳಿಗಳ ಮೇಲೆ ಸುತ್ತಿದರೆ ಸಾಕು. ಅಂಟು ಹಚ್ಚಿ ಕೂರಿಸಿದ ವಿಗ್‌ಗೂ ಇದೇ ಉಪಾಯ, ಇಲ್ಲದಿದ್ದರೆ ಅಂಟು ಬಿಡುತ್ತದೆ. ಬಟ್ಟೆ ಗೊಂಬೆಯ ಉಣ್ಣೆ ಜಡೆಗೆ ಮಾತ್ರ ಬಿಸಿ ಬೇಡವೇ ಬೇಡ. ಬಿಸಿನೀರಲ್ಲಿ ಉಜ್ಜಿದರೆ ಉಣ್ಣೆ ಗಂಟುಗಟ್ಟಿ ಕಂಬಳಿಯಂತಾಗುತ್ತದೆ. ತಣ್ಣೀರು ಚಿಮುಕಿಸಿ, ಕಡ್ಡಿಗೆ ಸುತ್ತಿ, ನೆರಳಲ್ಲಿ ಒಣಗಿಸಿ.

– ಗೊಂಬೆ ರಿಪೇರಿ ಮಾಡುವವರು, ಮೈಸೂರು